ಉಜ್ಜಬಾರದ ದೀಪ

ಬ್ಯಾಂಕಿನಿಂದ ನಿವೃತ್ತನಾದ ಟೈಲರಮ್ಮನ ಭಾವ ಇನ್ನಾದರೂ ಮನೆಯಲ್ಲಿ ಸುಮ್ಮನೆ ಕೂತಾನು ಎಂದುಕೊಳ್ಳುವಷ್ಟರಲ್ಲಿ, ಆತ ಹಳೆಯ ಮೇಜುದೀಪಗಳ ಪಂಡಿತನಾಗಿಬಿಟ್ಟ. ಎಲ್ಲ ಫೋನಿನಲ್ಲಿ ನೋಡಿ ಕಲಿತ ವಿದ್ಯೆ. ಮನೆ ತುಂಬ ದೀಪ ಪೇರಿಸಿದ, ಆದರೆ ಒಂದನ್ನೂ ಉರಿಸುವಂತಿಲ್ಲ, ಬೆಲೆ ಬಿದ್ದುಹೋಗುತ್ತದೆ. ಹೆಂಡತಿ ಪತ್ರಿಕೆ ಓದುತ್ತಿದ್ದದ್ದು ಫ್ರಿಜ್ಜಿನ ಬಾಗಿಲು ತೆರೆದಿಟ್ಟುಕೊಂಡು, ಅದರ ಬೆಳಕಿನಲ್ಲಿ.

ಆ ಹೆಂಡತಿಯ ತಂಗಿಯನ್ನು ಬೀದಿಯವರೆಲ್ಲ ಟೈಲರಮ್ಮ ಎನ್ನುತ್ತಿದ್ದರು. ಅವಳ ಹೊಲಿಗೆ ಯಂತ್ರದ ಪಕ್ಕ ಅಮ್ಮನ ಕಾಲದ ಹಿತ್ತಾಳೆ ದೀಪವಿತ್ತು. ಅದರ ಕತ್ತು ಬಗ್ಗಿಸಿದರೆ ಬೆಳಕು ನೇರ ಸೂಜಿಯ ಮೇಲೇ. ದಿನವೂ ಬಗ್ಗಿಸುತ್ತಿದ್ದ ಅಮ್ಮನ ಹೆಬ್ಬೆರಳು ತಾಗಿ ತಾಗಿ ಕತ್ತಿನ ಮೇಲ್ತುದಿಯಲ್ಲಿ ಒಂದು ಕಡೆ ಮೆರುಗು ಸವೆದು ಕಂದು ಗುರುತಾಗಿತ್ತು. ಟೈಲರಮ್ಮನ ಹೆಬ್ಬೆರಳೂ ಅಲ್ಲೇ ಹೋಗಿ ಕೂರುತ್ತಿತ್ತು.

ಒಂದು ದಿನ ಭಾವ ಬಂದವನೇ ಕೊಟ್ಟ ನೀರನ್ನೂ ಕುಡಿಯದೆ ದೀಪವನ್ನು ತಲೆಕೆಳಗು ಮಾಡಿ ಬುಡ ಮೂಸಿದ.

“ನೋಡಮ್ಮ, ಬುಡದ ಬಟ್ಟೆ ಒರಿಜಿನಲ್. ವೈರಿಗೆ ನೂಲಿನ ಹೊದಿಕೆ, ಅದೂ ಒರಿಜಿನಲ್. ತಿರುಪಿನ ಸಂದೀಲಿರೋ ಕೊಳೇನೂ ಒರಿಜಿನಲ್.”

“ಕೊಳೇಲೂ ಡೂಪ್ಲಿಕೇಟ್ ಬರುತ್ತಾ ಭಾವ?”

“ಬರದೆ ಏನು, ಟೀ ಡಿಕಾಕ್ಷನ್ ಬಳಿದು ಟೋಪಿ ಹಾಕ್ತಾರೆ. ಇದು ಎಪ್ಪತ್ತು ವರ್ಷದ ಅಪ್ಪಟ ಕೊಳೆ. ಉಜ್ಜಿದ್ರೋ, ವೈರು ಬದಲಾಯಿಸಿದ್ರೋ, ಮುಗೀತು ಕಥೆ, ಯಾವನೂ ಮೂಸಿ ನೋಡಲ್ಲ. ಭಾನುವಾರ ಗಿರಾಕೀನ ಕರ್ಕೊಂಡು ಬರ್ತೀನಿ.”

“ಕೊಟ್ಬಿಟ್ರೆ ನಾನು ಹೊಲಿಯೋದು ಹೇಗೆ?”

“ನಿಂಗೊಂದು ಪ್ಲಾಸ್ಟಿಕ್ಕಿಂದು ತಂದ್ಕೊಡೋಣ ಬಿಡು. ಅತ್ತೆಯವರ ಆಸ್ತಿ ಅಂದ್ಮೇಲೆ ನಿಮ್ಮಕ್ಕನಿಗೂ ಪಾಲಿದೆ ತಾನೆ?”

ಟೈಲರಮ್ಮ ಮತ್ತೆ ಹೊಲಿಗೆಗೆ ಬಗ್ಗಿದಳು. ಅಮ್ಮನ ತುಕ್ಕು ಹಿಡಿದ ಕತ್ತರಿಯಲ್ಲಿ ಇದುವರೆಗೆ ಯಾರೂ ಪಾಲು ಕೇಳಿರಲಿಲ್ಲ.

ಭಾವ ಬೀದಿಯ ತಿರುವು ದಾಟಿದ್ದೇ ತಡ, ಪಾಲಿಶ್ ಪೇಸ್ಟ್ ತಂದು ತಿಕ್ಕಲು ಕೂತಳು. ಎದುರುಮನೆ ಎಲೆಕ್ಟ್ರಿಷಿಯನ್‌ನಿಂದ ಬಿಳಿ ಪ್ಲಾಸ್ಟಿಕ್ ವೈರು ಹಾಕಿಸಿದಳು. ಬುಡಕ್ಕೆ ಯಾರದೋ ಕೋಟಿನಲ್ಲಿ ಉಳಿದ ತುಂಡು ಅಂಟಿಸಿದಳು. ತಲೆಗೆ ಗುಲಾಬಿ ಸ್ಯಾಟಿನ್ನಿನ ಟೋಪಿ, ಅಂಚಿಗೆ ಎರಡು ಸುತ್ತು ನೆರಿಗೆ. ತಿಕ್ಕುತ್ತ ಹೆಬ್ಬೆರಳ ಗುರುತಿನ ಹತ್ತಿರ ಬಂದಾಗ ಮಾತ್ರ ಕೈ ನಿಂತಿತ್ತು. ಅದನ್ನು ಹಾಗೇ ಉಳಿಸಿ, ನೆರಿಗೆಯನ್ನು ಅದರ ಮೇಲೆ ಇಳಿಬಿಟ್ಟಳು.

ಭಾನುವಾರ ಅಕ್ಕ ಭಾವ ಇಬ್ಬರೂ ಬಂದರು, ಜೊತೆಗೆ ಬಿಳಿ ಕೈಗವಸು ತೊಟ್ಟ ಗಿರಾಕಿ. ದೀಪ ಮದುಮಗಳ ಹಾಗೆ ಹೊಳೆಯುತ್ತ ನಿಂತಿತ್ತು. ಭಾವ ಕುರ್ಚಿಗಾಗಿ ತಡಕಾಡಿದ.

“ಏನಮ್ಮ ಇದು?”

“ದೊಡ್ಡವರು ಬರ್ತಾರೆ, ಕೊಳಕು ದೀಪ ತೋರಿಸೋದು ಹೇಗೆ ಅಂತ ಒಂಚೂರು ಉಜ್ಜಿದೆ ಭಾವ.”

ಗಿರಾಕಿ ಕೈಗವಸುಗಳನ್ನು ಬಿಚ್ಚಿ ಜೇಬಿಗಿಳಿಸಿದ. “ನೆರಿಗೆ ಚೆನ್ನಾಗಿ ಕೂತಿದೆ,” ಎಂದ. “ಕಿಟಕಿ ಪರದೆ ಹೊಲ್ಕೊಡ್ತೀರಾ?”

ಅವನು ಅಳತೆ ತರುತ್ತೇನೆಂದು ಹೊರಟ. ಭಾವ ಸಾವಿನ ಮನೆಯಲ್ಲಿ ಮಾತಾಡುವವನಂತೆ ದನಿ ತಗ್ಗಿಸಿದ. “ಎಪ್ಪತ್ತು ವರ್ಷದ ಕೊಳೆ. ಹೋಯ್ತಲ್ಲ. ನೀನೇ ಇಟ್ಕೊಳಮ್ಮ, ಇದರಲ್ಲಿ ಇನ್ಯಾರಿಗೂ ಪಾಲಿಲ್ಲ.” ಹಾಗೆಂದವನು ಗಾಳಿ ಬೇಕೆಂದು ಹೊರಗೆ ಹೋದ.

ಅಕ್ಕ ಅಲ್ಲೇ ಉಳಿದಳು. ನೆರಿಗೆಯನ್ನು ಬೆರಳ ತುದಿಯಿಂದ ಎತ್ತಿ ನೋಡಿದಳು. ಕಂದು ಗುರುತು ಕಂಡಿತು. ಅದರ ಮೇಲೆ ತನ್ನ ಹೆಬ್ಬೆರಳಿಟ್ಟು, ಒಂದು ಗಳಿಗೆ ಬಿಟ್ಟು, ನೆರಿಗೆಯನ್ನು ಮೆಲ್ಲಗೆ ಇಳಿಸಿದಳು. ಆಮೇಲೆ ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿ, ತಂಗಿಯ ಕಿವಿಯ ಹತ್ತಿರ ಬಗ್ಗಿದಳು.

“ಫ್ರಿಜ್ಜಿನ ಬೆಳಕಲ್ಲಿ ಓದಿ ಸಾಕಾಯ್ತು ಕಣೇ. ಆ ಪೇಸ್ಟು ಇನ್ನೂ ಮಿಕ್ಕಿದೆಯೇನೇ?”