ತೂಕ ಮೊದಲು, ಚೀಟಿ ಆಮೇಲೆ

ಅರಸೀಕೆರೆಯ ಆ ಆಫೀಸಿನಲ್ಲಿ ಫ್ಯಾನು ಒಂದೇ, ಅದರ ಕೆಳಗಿನ ಕುರ್ಚಿಯೂ ಒಂದೇ. ಆರು ವರ್ಷದಿಂದ ಆ ಕುರ್ಚಿಯಲ್ಲಿ ಕೂತವನು ಇಂದ್ರೇಶ. ಸಿರಿ ಎಂಬ ಹುಡುಗಿ ಕೆಲಸಕ್ಕೆ ಸೇರಿ ಎರಡು ವಾರವೂ ಆಗಿರಲಿಲ್ಲ, ಮಾಲೀಕ ಇಂದುಧರಪ್ಪನವರು, "ಹಳೇಬೀಡಿಂದ ಬಸ್ಸಲ್ಲಿ ಬೆಂದು ಬತ್ತದೆ ಮಗು. ಅಲ್ಲಿ ಕೂತ್ಕೊಳ್ಲಿ ಬಿಡ್ಲಾ" ಎಂದುಬಿಟ್ಟರು. ಇಂದ್ರೇಶ ಎದ್ದು ಕಿಟಕಿ ಪಕ್ಕದ ಸ್ಟೂಲಿಗೆ ಹೋದ. ಅವತ್ತು ಹೊತ್ತಿಕೊಂಡ ಹೊಟ್ಟೆಕಿಚ್ಚು ಆಮೇಲೆ ಆರಲೇ ಇಲ್ಲ.

ಅಲ್ಲಿ ತಯಾರಾಗುತ್ತಿದ್ದದ್ದು ಕೊಬ್ಬರಿ ಮಂಡಿಗೆ ಬೇಕಾದ ತೂಕದ ಪೆಟ್ಟಿಗೆ. ಚೀಲ ಇಟ್ಟರೆ ತೂಕ ಹಿಡಿದು ಚೀಟಿ ಮುದ್ರಿಸುತ್ತದೆ. ಪೆಟ್ಟಿಗೆಯ ಎಲ್ಲ ಕೆಲಸವನ್ನೂ ಹತೋಟಿಯಲ್ಲಿಡುವ ಮೂಲ ತಂತ್ರಾಂಶ, ಅದೇ ಕರ್ನಲ್, ಅದರೊಳಗೆ ತಕ್ಕಡಿ ಮತ್ತು ಪ್ರಿಂಟರಿನ ಭಾಗ ಬರೆದವನು ಇಂದ್ರೇಶನೇ. ಆಫೀಸಿನಲ್ಲಿ ಆ ಪೆಟ್ಟಿಗೆ ಚಿನ್ನದ ಹಾಗೆ ಓಡುತ್ತಿತ್ತು. ಆದರೆ ಅದನ್ನು ಕೊಂಡಿದ್ದ ಕೆಂಚಯ್ಯನ ಮಂಡಿಯಲ್ಲಿ, ಅದೂ ಹರಾಜಿನ ದಿನವೇ, ಗರ ಬಡಿದ ಹಾಗೆ ನಿಂತುಬಿಡುತ್ತಿತ್ತು. ಮೂರು ತಿಂಗಳು ತಲೆ ಕೆರೆದುಕೊಂಡರೂ ಕಾರಣ ಸಿಕ್ಕಿರಲಿಲ್ಲ. ಮಂಗಳವಾರದ ಹರಾಜಿನಲ್ಲೂ ನಿಂತರೆ ಪೆಟ್ಟಿಗೆ ವಾಪಸ್ ಎಂದು ಕೆಂಚಯ್ಯ ಹೇಳಿಕಳಿಸಿದ್ದ.

"ಈ ತಪ್ಪನ್ನ ಯಾರು ಹಿಡೀತಾರೋ, ಇನ್ಮೇಲೆ ಮಂಡಿ ಕೆಲಸಕ್ಕೆಲ್ಲ ಅವರೇ ಯಜಮಾನರು" ಎಂದರು ಇಂದುಧರಪ್ಪ. ಹೇಳಿದ್ದು ಇಬ್ಬರಿಗೂ, ನೋಡಿದ್ದು ಮಾತ್ರ ಸಿರಿಯ ಕಡೆ.

"ಸರ್, ಲಾಕ್‌ಗಳ ಮೇಲೆ ಕಣ್ಣಿಡೋ ಪರೀಕ್ಷಕ ಕರ್ನಲ್‌ನಲ್ಲೇ ಇದೆಯಲ್ಲ, ಅದನ್ನ ಆನ್ ಮಾಡ್ಲಾ?" ಎಂದು ಸಿರಿ ಕೇಳಿದಳು. ತಕ್ಕಡಿಯನ್ನೋ ಪ್ರಿಂಟರನ್ನೋ ಒಂದು ಕೆಲಸ ಬಳಸುತ್ತಿರುವಾಗ ಇನ್ನೊಂದು ಮುಟ್ಟದಂತೆ ಹಾಕುವ ಬೀಗವೇ ಲಾಕ್.

"ಅದೆಲ್ಲ ನೋಡಿ ಆಗಿದೆ. ಪೆಟ್ಟಿಗೆ ನಿಧಾನ ಆಗುತ್ತೆ ಅಷ್ಟೇ" ಎಂದ ಇಂದ್ರೇಶ. ನೋಡಿರಲಿಲ್ಲ. ಎರಡು ವಾರದ ಹುಡುಗಿಗೆ ಹೊಳೆದದ್ದು ತನಗೆ ಹೊಳೆದಿಲ್ಲ ಎಂದು ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ. ಅವಳು ಒಂದು ಹಳೇ ಪೆಟ್ಟಿಗೆ ತೆಗೆದುಕೊಂಡು ಅದರಲ್ಲಿ ಪರೀಕ್ಷಕವನ್ನು ಆನ್ ಮಾಡಿ, ರೋಲುಗಟ್ಟಲೆ ಚೀಟಿ ಮುದ್ರಿಸತೊಡಗಿದಳು.

ಸೋಮವಾರ ಮಧ್ಯಾಹ್ನ ಅವಳು ಊಟದ ಡಬ್ಬಿ ಹಿಡಿದು ಹಿಂದಿನ ಜಗುಲಿಗೆ ಹೋದಳು. ಕಂಪ್ಯೂಟರ್ ತೆರೆದೇ ಇತ್ತು. ಇಂದ್ರೇಶ ಬೆಕ್ಕಿನ ಹಾಗೆ ಹೋಗಿ ನೋಡಿದ. ಪರೀಕ್ಷಕ ಒಂದೇ ಒಂದು ದೂರು ಬರೆದಿತ್ತು: ಒಂದು ಕೆಲಸ ತಕ್ಕಡಿಯ ಲಾಕ್ ಹಿಡಿದು ಪ್ರಿಂಟರಿನದನ್ನು ಕೇಳುತ್ತದೆ; ಇನ್ನೊಂದು ಪ್ರಿಂಟರಿನ ಲಾಕ್ ಹಿಡಿದು ತಕ್ಕಡಿಯದನ್ನು ಕೇಳುತ್ತದೆ. ಎರಡೂ ಒಂದೇ ಗಳಿಗೆಯಲ್ಲಿ ಬಂದರೆ ಅದು ಬಿಡಲಿ ಎಂದು ಇದು, ಇದು ಬಿಡಲಿ ಎಂದು ಅದು, ಎರಡೂ ಕಾಯುತ್ತಲೇ ಇರುತ್ತವೆ.

ಆ ಎರಡನೇ ಕೆಲಸ ಯಾವುದೆಂದು ಕಂಡಕೂಡಲೇ ಅವನ ಕಿವಿ ಬಿಸಿಯಾಯಿತು. ಚೀಟಿ ಅರ್ಧ ಮುದ್ರಣವಾದಾಗ ಪೇಪರ್ ರೋಲು ಮುಗಿದರೆ ಇನ್ನೊಂದು ಚೀಟಿ ಕೊಡಬೇಕು. ಆದರೆ ಮತ್ತೆ ತೂಗದೆ ಕೊಟ್ಟ ಚೀಟಿಯನ್ನು ಯಾವ ತೆಂಗು ಬೆಳೆಗಾರನೂ ಮುಟ್ಟುವುದಿಲ್ಲ. ಬಾಣಾವರದ ತೋಟದಲ್ಲಿ ಬೆಳೆದ ಇಂದ್ರೇಶನಿಗೆ ಅದು ಗೊತ್ತಿತ್ತು. ಅದಕ್ಕೇ ಎರಡನೇ ಚೀಟಿಗೆ ಮುಂಚೆ ಮತ್ತೊಮ್ಮೆ ತೂಕ ಓದುವಂತೆ ಬರೆದಿದ್ದ, ಆದರೆ ಪ್ರಿಂಟರಿನ ಲಾಕನ್ನು ಬಿಡದೆಯೇ. ಅಷ್ಟರಲ್ಲಿ ಹಮಾಲ ಮುಂದಿನ ಚೀಲ ಇಟ್ಟು, ಅದನ್ನು ತೂಗುವ ಕೆಲಸ ತಕ್ಕಡಿಯ ಲಾಕ್ ಹಿಡಿದಿರುತ್ತಿತ್ತು. ಸಿರಿಗಿಂತ ಮುಂಚೆ ಆಫೀಸಿನಲ್ಲಿ ಯಾರೂ ಒಂದು ರೋಲು ಮುಗಿಯುವಷ್ಟು ಮುದ್ರಿಸಿರಲಿಲ್ಲ. ತೂಕ ಮೊದಲು, ಚೀಟಿ ಆಮೇಲೆ ಎನ್ನುವುದು ಮಂಡಿಯ ಹಮಾಲರಿಗೂ ಗೊತ್ತಿರುವ ಮಾತು. ಅದನ್ನು ತಪ್ಪಿದವನು ಇವನು.

ಅಲ್ಲೂ ತಕ್ಕಡಿಯ ಲಾಕೇ ಮೊದಲು ಬರುವಂತೆ ತಿದ್ದಲು ಹತ್ತು ನಿಮಿಷ ಸಾಕಾಯಿತು. ಸಿರಿ ಕೈ ತೊಳೆದು ಬರುವಷ್ಟರಲ್ಲಿ ಅವನು ಮಾಲೀಕರ ಮುಂದೆ ನಿಂತಿದ್ದ. "ಹಿಡಿದೆ ಸಾರ್. ಮೂರು ದಿನದಿಂದ ಅನುಮಾನ ಇತ್ತು."

ಇಂದುಧರಪ್ಪ ಅವನನ್ನು ಒಂದು ಕ್ಷಣ ನೋಡಿದರು. "ಸರಿ ಬಿಡ್ಲಾ. ನಾಳೆ ಮಂಡಿಗೆ ನೀನೇ ಹೋಗು."

ಸಿರಿ ತನ್ನ ಕಂಪ್ಯೂಟರ್ ನೋಡಿದಳು, ಅವನನ್ನು ನೋಡಿದಳು, ಡಬ್ಬಿಯನ್ನು ಚೀಲಕ್ಕೆ ಹಾಕಿ ಕೆಲಸಕ್ಕೆ ಕೂತಳು. ಜಗಳಕ್ಕೆ ಬಂದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

ಸಂಜೆ ಬಾಗಿಲು ಹಾಕುವಾಗ ಇಂದುಧರಪ್ಪ ಮೆಲ್ಲಗೆ ಅಂದರು: "ಪೇಪರ್ ಮುಗಿದಾಗ ಸಿಕ್ಕಾಕ್ಕಂತದೆ ಅಂತ ಆ ಹುಡುಗಿ ಬೆಳಿಗ್ಗೇನೇ ಹೇಳಿದ್ಳು ಕಣ್ಲಾ. ಇಂದ್ರೇಶ್ ಸರ್ ಬರೆದಿರೋದು, ಅವರೇ ತಿದ್ಲಿ, ಊಟ ಆದ್ಮೇಲೆ ತೋರಿಸ್ತೀನಿ ಅಂದ್ಳು. ನೀನು ಊಟದವರೆಗೂ ಕಾಯ್ಲಿಲ್ಲ."

ಇಂದ್ರೇಶನಿಗೆ ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು. ಕದ್ದ ಮಾಲು ತನಗೇ ಕೊಡಲು ಎತ್ತಿಟ್ಟದ್ದಂತೆ! ನಾಚಿಕೆ ಬಂದದ್ದು ಬಾಣಾವರದ ರೈಲಿನಲ್ಲಿ ಕೂತ ಮೇಲೆ. ಊರು ಬರುವವರೆಗೂ ಅದು ಬಿಡಲಿಲ್ಲ.

ಮಂಗಳವಾರ ಮಂಡಿ ತುಂಬಿತ್ತು. ಹನ್ನೊಂದರ ಹೊತ್ತಿಗೆ ರೋಲು ಚೀಟಿಯ ನಡುವೆಯೇ ಮುಗಿಯಿತು. ಹಮಾಲ ಮುಂದಿನ ಚೀಲವನ್ನು ಆಗಲೇ ತಕ್ಕಡಿಗೆ ಇಟ್ಟಿದ್ದ. ಇಂದ್ರೇಶ ಹೊಸ ರೋಲು ಹಾಕಿ, ಅರ್ಧ ಚೀಟಿಯ ಚೀಲವನ್ನು ಮತ್ತೆ ತಕ್ಕಡಿಗೆ ಇಡಿಸಿದ. ಪೆಟ್ಟಿಗೆ ಕಿರ್ರೆಂದು ಚೀಟಿ ಹೊರಹಾಕಿತು. ಆಮೇಲೆ ಇನ್ನೊಂದು, ಮತ್ತೊಂದು.

"ಪರವಾಗಿಲ್ವೇ! ಯಾರಪ್ಪಾ ಇದ್ನ ಹಿಡಿದೋರು?" ಎಂದು ಕೆಂಚಯ್ಯ ಬೆನ್ನು ತಟ್ಟಿದ.

ನಾನು ಎಂಬ ಒಂದೇ ಒಂದು ಮಾತು ಸಾಕಿತ್ತು. ಸುತ್ತಲಿನವರೆಲ್ಲ ಇವನ ಮುಖವನ್ನೇ ನೋಡುತ್ತಿದ್ದರು. ಆರು ವರ್ಷದಲ್ಲಿ ಯಾರೂ ಹಾಗೆ ನೋಡಿರಲಿಲ್ಲ.

"ತಪ್ಪು ನಂದು" ಎಂದ ಇಂದ್ರೇಶ. "ಹಿಡಿದದ್ದು ನಮ್ಮ ಆಫೀಸಿನ ಹುಡುಗಿ. ಸಿರಿ ಅಂತ."

"ಹಂಗಾ?" ಕೆಂಚಯ್ಯ ಬೆನ್ನ ಮೇಲಿನ ಕೈ ತೆಗೆದ. "ಹಂಗಾದ್ರೆ ಇನ್ಮೇಲೆ ಆ ಹುಡುಗೀನೇ ಕಳ್ಸಿ ಕಣಪ್ಪ. ನಿಮಗ್ಯಾಕೆ ತೊಂದ್ರೆ."

ಹೊಟ್ಟೆ ಹಿಂದೆಂದಿಗಿಂತ ಜೋರಾಗಿ ಉರಿಯಿತು. ಆ ಉರಿಯಲ್ಲೇ ಇಂದ್ರೇಶ ಹೂಂ ಎಂದ.