ಕಹಿನೀರಿನ ಬಕೆಟ್ಟು

ತಮ್ಮ ಸೇಸಾಕು ತೋಫು ಅಂಗಡಿ ಮುಚ್ಚುತ್ತಾನಂತೆ, ಇವತ್ತಿನ ಬಾನಿಯೇ ಕೊನೆಯದಂತೆ ಎಂದು ಕೇಳಿದ ಕಿಚಿಜಿ ಬೆಳಗ್ಗೆಯೇ ಕಹಿನೀರಿನ ಬಕೆಟ್ಟು ಹಿಡಿದು ನೋಟೋ ಕರಾವಳಿಯ ದಿಬ್ಬ ಹತ್ತಿದ. ಕೊನೆಯ ತೋಫುವಾದರೂ ತನ್ನ ನೀರಲ್ಲಿ ಆಗಲಿ.

ಕಡಲನ್ನು ಕುದಿಸುತ್ತ ಹೋದರೆ ಮೊದಲು ಸುಣ್ಣ ಕಟ್ಟುತ್ತದೆ, ಆಮೇಲೆ ಉಪ್ಪು. ಕೊನೆಯವರೆಗೂ ಗಟ್ಟಿಯಾಗಲೊಪ್ಪದೆ ಉಪ್ಪಿನ ಬುಟ್ಟಿಯಿಂದ ತೊಟ್ಟಿಕ್ಕುವುದು ಮೆಗ್ನೀಸಿಯಮ್ಮಿನ ಈ ಕಹಿ. ಉಪ್ಪಿನವನಿಗೆ ಅದು ಬೇಡ. ಸೋಯಾ ಹಾಲು ಹೆಪ್ಪುಗಟ್ಟಿಸಿ ತೋಫು ಮಾಡುವವನಿಗೆ ಅದೇ ಬೇಕು. ಅಪ್ಪ ಅಣ್ಣನಿಗೆ ಉಪ್ಪು ಕುದಿಸುವ ಒಲೆ, ತಮ್ಮನಿಗೆ ತೋಫುವಿನ ಬಾನಿ ಕೊಟ್ಟದ್ದು ಅದಕ್ಕೇ.

ಅಣ್ಣತಮ್ಮಂದಿರ ನಡುವೆ ಕೆಟ್ಟದ್ದು ಒಂದು ಮದುವೆಯೂಟದಲ್ಲಿ. ಅಕ್ಕಿಯ ಹೆಂಡ ಸಾಕೆ ತಲೆಗೇರಿದ ಸೇಸಾಕು, "ನಮ್ಮಣ್ಣ ಮಾಡೋದು ನನಗೆ ಕಹಿನೀರು ಕಣ್ರೋ. ಉಳಿದ ಚರಟಾನ ಉಪ್ಪು ಅಂತ ಮಾರ್ಕೋತಾನೆ" ಎಂದಿದ್ದ. ಎಲ್ಲರೂ ನಕ್ಕರು. ಕಿಚಿಜಿಯೂ ನಕ್ಕ. ಮರುದಿನದಿಂದ ಇಷ್ಟು ವರ್ಷ ಕಹಿನೀರನ್ನು ಕಡಲಿಗೇ ಚೆಲ್ಲಿದ.

ಬಾಗಿಲಲ್ಲಿ ತಮ್ಮನ ಹೆಂಡತಿ ಫುಮಿನೊ. "ಏನ್ ಭಾವ, ದಾರಿ ತಪ್ಪಿತಾ?"

"ಆ ಬಾಯಿಬಡುಕ ಎಲ್ಲಿ?"

ಸೇಸಾಕು ಹಬೆಯೊಳಗಿಂದ ಬಕೆಟ್ಟು ನೋಡಿದ. "ಏನಣ್ಣ, ಚರಟ ತಂದ್ಯಾ?"

"ಹ್ಞೂಂ, ಚರಟವೇ. ಹಾಕು."

ಇಷ್ಟು ವರ್ಷ ಹೆಪ್ಪಿಗೆ ಹಾಕುತ್ತಿದ್ದ ಪ್ಯಾಕೆಟ್ಟಿನ ಪುಡಿಯನ್ನು ಸೇಸಾಕು ಪಕ್ಕಕ್ಕೆ ತಳ್ಳಿದ. ಕಹಿನೀರಿಗೆ ಬೆರಳದ್ದಿ ನೆಕ್ಕಿದ. ಸೌಟು ತುಂಬ ಮೊಗೆದು ಬಿಸಿ ಹಾಲಿಗೆ ಸುರಿದ. ಹಾಲು ಮೆಲ್ಲಗೆ ನಡುಗಿ ಕೂಡಿಕೊಳ್ಳಬೇಕಿತ್ತು. ಬಡಿದ ಹಾಗೆ ಒಡೆದು ಪುಡಿಪುಡಿಯಾಯಿತು. ಹಳದಿ ನೀರು ಬೇರೆಯಾಗಿ ನಿಂತಿತು.

"ನೀರು ಕೆಟ್ಟಿತ್ತೇನೋ," ಎಂದ ಕಿಚಿಜಿ.

"ನೀರಿಗೇನಾಗಿದೆ? ಚೆನ್ನಾಗೇ ಇದೆ. ಪುಡಿ ನಿಧಾನ, ಒಂದೇ ಸಲ ಸುರಿದ್ರೂ ನಡೆಯುತ್ತೆ. ಇದನ್ನ ಹನಿಹನಿ ಬಿಡ್ಬೇಕಿತ್ತು." ಸೇಸಾಕು ತನ್ನ ಕೈಯನ್ನು ಬೇರೆಯವರದೆಂಬಂತೆ ನೋಡಿಕೊಂಡ. "ಕೈಗೆ ಮರೆತುಹೋಗಿದೆ, ಅಣ್ಣ."

"ಇನ್ನೊಂದು ಬಾನಿ ಇಡು."

"ಕಾಳು ಮುಗೀತು."

ಬಟ್ಟಲು ಹಿಡಿದು ಹೊರಗೆ ಕಾದಿದ್ದ ಹೆಂಗಸರಿಗೆ ಇವತ್ತು ತೋಫು ಇಲ್ಲವೆಂದು ತಲೆಬಾಗಿ ಹೇಳಲು ಫುಮಿನೊ ಹೋದಳು. ಕಿಚಿಜಿ ಒಂದು ಬಟ್ಟಲು ತೆಗೆದುಕೊಂಡು ಬಾನಿಯ ಮುಂದೆ ಕೂತ. ತಾನು ಚೆಲ್ಲಿದ್ದು ಬರೀ ನೀರನ್ನಲ್ಲ, ತಮ್ಮನ ಕೈಯ ಹದವನ್ನೂ.

"ಬಡಿಸು," ಎಂದ.

"ಇದನ್ನಾ? ಹಂದೀನೂ ಮೂಸಲ್ಲ."

"ಬಡಿಸೋ."

ಸೇಸಾಕು ಒಡೆದ ಹಾಲಿನ ಪುಡಿಯನ್ನೇ ಬಟ್ಟಲಿಗೆ ಹಾಕಿದ. ಉಪ್ಪಿನ ಡಬ್ಬಿ ಮುಂದಿಡುವಾಗ ಅವನ ಕೈ ತಡೆಯಿತು. "ಇದು ಅಂಗಡಿ ಉಪ್ಪು."

ತಮ್ಮನ ಮನೆಯಲ್ಲಿ ಈಗ ಯಾವ ಉಪ್ಪು ತಿನ್ನುತ್ತಾರೆಂದು ಕಿಚಿಜಿ ಒಮ್ಮೆಯೂ ಯೋಚಿಸಿರಲಿಲ್ಲ. ಚಿಟಿಕೆ ಉದುರಿಸಿಕೊಂಡು ತಿಂದ. ಖಾಲಿ ಬಟ್ಟಲನ್ನು ಮತ್ತೆ ಚಾಚಿದ. ಬಾನಿಯಲ್ಲಿ ಇನ್ನೂ ಬೇಕಾದಷ್ಟಿತ್ತು.