ಸ್ಟೆಫಾನಿಯಾಳ ಬೆಚ್ಚಗಿನ ಗೋಡೆ

ವಿನಿಪೆಗ್ಗಿನಲ್ಲಿ ಸ್ಟೆಫಾನಿಯಾಳ ಪಾಸ್ಕಾ ಎಂಬ ಈಸ್ಟರ್ ಬ್ರೆಡ್ಡಿನ ಮುಂದೆ ಬೇರೆಯವರ ಬ್ರೆಡ್ಡೆಲ್ಲ ಸಪ್ಪೆ. ಹಬ್ಬದ ದಿನ ಪಾದ್ರಿ ಬ್ರೆಡ್ಡಿನ ಬುಟ್ಟಿಗಳನ್ನು ಹರಸುವಾಗ ಚರ್ಚಿನ ಹೆಂಗಸರ ಕಣ್ಣೆಲ್ಲ ಪ್ರಾರ್ಥನೆ ಬಿಟ್ಟು ಇವಳ ಬುಟ್ಟಿಯ ಮೇಲೆಯೇ. ಹೊರಗೆ ಹಿಮ ಇನ್ನೂ ಕರಗದಿದ್ದರೂ ಇವಳ ಹಿಟ್ಟು ಮಾತ್ರ ಸೊಗಸಾಗಿ ಉಬ್ಬುತ್ತಿತ್ತು. ಅಡುಗೆಮನೆಯಲ್ಲಿ ಒಂದು ಪ್ಲಗ್ ಪಾಯಿಂಟಿನ ಸುತ್ತ ಗೋಡೆ ಸದಾ ಬೆಚ್ಚಗಿರುತ್ತಿತ್ತು. ಹಿಟ್ಟಿನ ಬೋಗುಣಿಯನ್ನು ಅದಕ್ಕೆ ಒತ್ತಿ ಇಟ್ಟರೆ ಮುಗಿಯಿತು. ತೀರಿಹೋದ ಗಂಡ ಗೋಡೆಯನ್ನು ಥಂಡಿ ತಾಗದಷ್ಟು ಗಟ್ಟಿಯಾಗಿ ಕಟ್ಟಿಸಿದ್ದಾನೆಂದು ಮಹಾತಾಯಿ ಬೀಗಿದ್ದೇ ಬೀಗಿದ್ದು!

ಈ ಸಲ ಹಬ್ಬದ ವಾರ ಹೊಸ ಸೊಸೆ ದಾರ್ಕಾ ಆ ಗೋಡೆ ಮುಟ್ಟಿದಳು. ಅವಳು ಎಲೆಕ್ಟ್ರಿಷಿಯನ್. ಮುಟ್ಟಿದವಳೇ ಓಡಿಹೋಗಿ ಮೈನ್ ಸ್ವಿಚ್ ಆರಿಸಿದಳು.

"ಅತ್ತೆ, ಬಿಸಿ ಆಗಿರೋದು ಗೋಡೆಯಲ್ಲ, ಒಳಗಿನ ವೈರು! ಹಳೇ ಅಲ್ಯೂಮಿನಿಯಂ ವೈರು. ಕಾದೂ ಕಾದೂ ಸ್ಕ್ರೂ ಹತ್ರ ಸಡಿಲ ಆಗಿದೆ. ಯಾವತ್ತಾದ್ರೂ ಬೆಂಕಿ ಹತ್ಕೊಳ್ತಿತ್ತು."

"ಇಷ್ಟು ವರ್ಷ ಹತ್ಕೊಳ್ಳದೇ ಇರೋದು ನೀನು ಬಂದ್ಮೇಲೆ ಹತ್ಕೊಳ್ಳುತ್ತಾ? ಹಬ್ಬ ಮುಗೀಲಿ, ಆಮೇಲೆ ಬಿಚ್ಚು."

"ಬೈಯಿರಿ ಬೇಕಾದ್ರೆ. ನಾನಂತೂ ಬಿಚ್ಚೋಳೇ."

ಬಿಚ್ಚಿದರೆ ಒಳಗೆ ಪ್ಲಾಸ್ಟಿಕ್ಕು ಸುಟ್ಟು ಕಪ್ಪಾಗಿತ್ತು. ಅದನ್ನು ಕಂಡ ಮುದುಕಿ ತಾನೇ ಟಾರ್ಚು ತಂದು ಹಿಡಿದಳು. ಸೊಸೆ ಮನೆಯ ಒಂದೊಂದೇ ಪಾಯಿಂಟು ತೆಗೆದು, ಹಳೆಯ ವೈರಿನ ತುದಿಗೆ ಅದಕ್ಕೆಂದೇ ಇರುವ ಕನೆಕ್ಟರಿನಿಂದ ತಾಮ್ರದ ವೈರಿನ ತುಂಡು ಸೇರಿಸಿ, ಆ ತಾಮ್ರವನ್ನು ಸ್ಕ್ರೂಗೆ ಬಿಗಿದಳು. ಸಂಜೆ ದೀಪ ಹತ್ತಿತು. ಗೋಡೆ ತಣ್ಣಗಾಗಿತ್ತು.

ಸ್ಟೆಫಾನಿಯಾ ಅದರ ಮೇಲೆ ಅಂಗೈ ಇಟ್ಟು ನಿಂತಳು. ಮನೆ ಉಳಿದದ್ದಕ್ಕೆ ಸಮಾಧಾನವೇನೋ ಆಗಿತ್ತು. "ಹಾಗಾದ್ರೆ ಇಷ್ಟು ವರ್ಷ ಬ್ರೆಡ್ ಮಾಡಿದ್ದು ನಾನಲ್ವೇನೇ? ಈ ಸುಡುಗಾಡು ವೈರಾ?"

ದಾರ್ಕಾ ಅತ್ತೆಯ ಕೈಗೆ ಬಿಸಿ ಚಹಾದ ಲೋಟ ಕೊಟ್ಟಳು.

ಮರುದಿನ ಬೆಳಗ್ಗೆ ಅವಳು ಅಡುಗೆಮನೆಗೆ ಬಂದರೆ ಅತ್ತೆಯೂ ಇಲ್ಲ, ಬೋಗುಣಿಯೂ ಇಲ್ಲ. ಕೋಣೆಯಲ್ಲಿ ಇಣುಕಿದರೆ ಸ್ಟೆಫಾನಿಯಾ ಕತ್ತಿನ ತನಕ ರಜಾಯಿ ಹೊದ್ದು ಮಲಗಿದ್ದಳು. ಹೊಟ್ಟೆ ಮಾತ್ರ ಬೆಟ್ಟದಷ್ಟು!

"ಅಯ್ಯೋ ಅತ್ತೆ, ಹುಷಾರಿಲ್ವಾ?"

"ಶ್! ಬಾಗ್ಲು ಹಾಕೇ, ಥಂಡಿ ಬರುತ್ತೆ. ಹಳ್ಳೀಲಿ ಕರೆಂಟೇ ಇಲ್ದಾಗ ನಮ್ಮಮ್ಮ ಹೀಗೇ ಮಾಡ್ತಿದ್ಲು."

ರಜಾಯಿ ಎತ್ತಿ ತೋರಿಸಿದಳು. ತಬ್ಬಿ ಹಿಡಿದ ಬೋಗುಣಿಯ ಅಂಚು ಮೀರಿ ಉಬ್ಬಿದ ಹಿಟ್ಟು ಅವಳ ನೈಟಿಗೆಲ್ಲ ಮೆತ್ತಿಕೊಂಡಿತ್ತು. ದಾರ್ಕಾ ನಗು ತಡೆಯಲಾರದೆ ಮಂಚದ ಮೇಲೆ ಕುಸಿದಳು.

"ನಗ್ತೀಯಾ? ನಗು, ನಗು," ಎಂದಳು ಸ್ಟೆಫಾನಿಯಾ, ತಾನೂ ನಗುತ್ತ. "ಹೋಗಿ ಆ ಗೋಡೆಗೆ ಹೇಳು, ಬ್ರೆಡ್ ಮಾಡ್ತಿದ್ದೋಳು ನಾನೇ ಅಂತ!"